ಅಪ್‌ಡೇಟ್: ಬೆಣ್ಣೆ ಇಲ್ಲದ ರಾಗಿ ಕುಕೀಸ್ ಕೊನೆಗೂ ಬಂತು!

ಹೋದ ವಾರ ಕೇಳಿದ್ದೆ, ಮಗಳಿಗೆ ಹಾಲಿನ ಅಲರ್ಜಿ, ಬೆಣ್ಣೆ ತುಪ್ಪ ಎರಡೂ ಆಗುವುದಿಲ್ಲ, ಮನೆಯಲ್ಲಿ ಕುಕೀಸ್ ಮಾಡಬಹುದಾ ಅಂತ. ಕೊಬ್ಬರಿ ಎಣ್ಣೆ ಹಾಕಿ ನೋಡಿ ಅಂದವರಿಗೆಲ್ಲ ತುಂಬಾ ಥ್ಯಾಂಕ್ಸ್. ಮೂರನೇ ಸಲಕ್ಕೆ ಸರಿಹೋಯಿತು.

ಮೊದಲ ಸಲ ಬೆಣ್ಣೆಯಷ್ಟೇ ಎಣ್ಣೆ ಸುರಿದೆ, ಎಲ್ಲ ಹರಡಿಕೊಂಡು ಟ್ರೇ ತುಂಬಾ ಒಂದೇ ರೊಟ್ಟಿ. ಬೆಣ್ಣೆಯಲ್ಲಿ ಶೇಕಡ 80ರಷ್ಟು ಕೊಬ್ಬು, ಉಳಿದದ್ದು ಹೆಚ್ಚಾಗಿ ನೀರು, ಎಣ್ಣೆ ಪೂರ್ತಿ ಕೊಬ್ಬೇ, ಹಾಗಾಗಿ ಒಂದು ಕಪ್ ಬೆಣ್ಣೆ ಅಂತ ಇರುವ ಕಡೆ ಮುಕ್ಕಾಲು ಕಪ್ ಎಣ್ಣೆ ಸಾಕು. ಎರಡನೇ ಸಲ ಬರೀ ರಾಗಿ ಹಿಟ್ಟು. ರಾಗಿಯಲ್ಲಿ ಗ್ಲುಟನ್ (ಗೋಧಿ ಹಿಟ್ಟನ್ನು ಹಿಡಿದಿಡುವ ಅಂಟು) ಇಲ್ಲ ಅಲ್ವಾ, ಮುಟ್ಟಿದರೆ ಪುಡಿಪುಡಿ.

ಈಗ ಅರ್ಧ ಕಪ್ ರಾಗಿ ಹಿಟ್ಟನ್ನು ಘಮ್ ಅನ್ನುವವರೆಗೆ ಹುರಿದು, ಆರಿದ ಮೇಲೆ ಅರ್ಧ ಕಪ್ ಗೋಧಿ ಹಿಟ್ಟು, ಅರ್ಧ ಕಪ್‌ಗೆ ಸ್ವಲ್ಪ ಕಮ್ಮಿ ಬೆಲ್ಲದ ಪುಡಿ, ಕಾಲು ಚಮಚ ಬೇಕಿಂಗ್ ಪೌಡರ್, ಏಲಕ್ಕಿ, ಚಿಟಿಕೆ ಉಪ್ಪು ಬೆರೆಸುತ್ತೇನೆ. ಎಣ್ಣೆ ಕಾಲು ಕಪ್‌ಗಿಂತ ಸ್ವಲ್ಪ ಜಾಸ್ತಿ. ಉಂಡೆ ಕಟ್ಟಲು ಬರದಿದ್ದರೆ ಒಂದೊಂದೇ ಚಮಚ ನೀರು. ಉಂಡೆಗಳನ್ನು ಒತ್ತಿ 20 ನಿಮಿಷ ಫ್ರಿಜ್‌ನಲ್ಲಿಡಿ, ಇದನ್ನು ಮಾತ್ರ ಬಿಡಬೇಡಿ, ಕೊಬ್ಬರಿ ಎಣ್ಣೆ ತಂಪಿಗೆ ಗಟ್ಟಿಯಾಗುವುದರಿಂದ ಓವನ್‌ನಲ್ಲಿ ಬೇಗ ಹರಡುವುದಿಲ್ಲ. 170 ಡಿಗ್ರಿಯಲ್ಲಿ 15 ನಿಮಿಷ. ಹೊರಗೆ ತೆಗೆದಾಗ ಬೆರಳಿಟ್ಟರೆ ಕುಸಿಯುವಷ್ಟು ಮೆತ್ತಗಿರುತ್ತದೆ, ಬೆಂದಿಲ್ಲ ಅಂತ ಮತ್ತೆ ಒಳಗಿಡಬೇಡಿ. ಸುಮ್ನೆ ಆರಲು ಬಿಡಿ, ಗರಿಗರಿ ಆಗುತ್ತದೆ.

ಮಗಳು ನಿಂತಲ್ಲೇ ಎರಡು ತಿಂದು, ನಾಳೆ ಸ್ಕೂಲ್ ಡಬ್ಬಿಗೂ ಇದೇ ಬೇಕು ಅಂದಳು. ನನಗೆ ಕಣ್ಣು ತುಂಬಿ ಬಂತು.