ನಮ್ಮ ಮಕ್ಕಳ ಚಿತ್ರಪುಸ್ತಕ, ದಾವಣಗೆರೆ–ಚಿತ್ರದುರ್ಗದ ಶಾಲೆಗಳಿಗೆ

ಪ್ರಶ್ನೆ: ವಿದೇಶದಲ್ಲಿರೋ ನಮ್ಮ ವಾರಾಂತ್ಯದ ಕನ್ನಡ ತರಗತಿ ಮಕ್ಕಳ ಕೈಲಿ ಚಿತ್ರಪುಸ್ತಕ ಮಾಡಿಸಿ ದಾವಣಗೆರೆ, ಚಿತ್ರದುರ್ಗ ಜಿಲ್ಲೆಯ ಸರ್ಕಾರಿ ಶಾಲೆಗಳಿಗೆ ಕೊಡೋಣ ಅಂತಿದೀವಿ. ಎಷ್ಟು ಪುಟ ಇರಬೇಕು, ಎಂಥ ಕನ್ನಡ ಬರೀಬೇಕು, ಎಲ್ಲಿ ಪ್ರಿಂಟ್ ಹಾಕಿಸಬೇಕು? ಗೊತ್ತಿರೋರು ವಿವರವಾಗಿ ತಿಳಿಸಿ.

ಉತ್ತರ: ಅಕ್ಕಾ, ಪುಟದ ಲೆಕ್ಕ ಆಮೇಲೆ. ಯಾವ ತರಗತಿ ಮಗು ಓದುತ್ತೆ ಅನ್ನೋದು ಮೊದಲು ತೀರ್ಮಾನ ಆಗಲಿ. ಅಲ್ಲಿಯ ಸರ್ಕಾರಿ ಶಾಲೆಗಳಲ್ಲಿ ಒಂದರಿಂದ ಮೂರನೇ ತರಗತಿವರೆಗೆ ನಲಿಕಲಿ, ಅಂದರೆ ಆಟ, ಹಾಡು, ಚಟುವಟಿಕೆ ಮೂಲಕ ಕಲಿಸೋ ಪದ್ಧತಿ. ಅಕ್ಷರ ಕಲಿಕೆ ಶುರುವಾಗೋದು ಅ ಆ ಇ ಈ ಅಂತಲ್ಲ. ಮೊದಲು ರ ಗ ಸ ದ ಅ, ಆಮೇಲೆ ಜ ವ ಮ ಬ ನ. ಈ ಹತ್ತೇ ಅಕ್ಷರದಲ್ಲಿ ಜಾತ್ರೆಯ ಒಂದು ಪುಸ್ತಕ ಆಗುತ್ತೆ: “ಬಸವ. ಬಸವನ ಸರ. ನಗರದ ಜನ. ಜನ, ಜನ, ಜನ!” ಕೊಂಬಿಲ್ಲ, ದೀರ್ಘ ಇಲ್ಲ, ಒತ್ತಕ್ಷರ ಇಲ್ಲ. ಮಿಕ್ಕ ಕಥೆಯನ್ನೆಲ್ಲ ಚಿತ್ರ ಹೇಳಬೇಕು. ಕೊನೆಯ ಜೋಡಿ ಪುಟದ ತುಂಬ ಜನ, ಅವರ ನಡುವೆ ಎಲ್ಲೋ ಸರ ಹಾಕಿಕೊಂಡ ಬಸವ. ಮಗು ಬೆರಳಿಟ್ಟು ಹುಡುಕುತ್ತೆ, ಮತ್ತೆ ಮೊದಲಿಂದ ಓದುತ್ತೆ.

ಇನ್ನೊಂದು ಅನುಕೂಲ ಇದೆ. ಕಾಗುಣಿತದ ಹೊಸ್ತಿಲಲ್ಲಿರೋ ನಮ್ಮ ಮಕ್ಕಳಿಗೂ ಬರೋದು ಇಷ್ಟೇ ಕನ್ನಡ. ಹಾಗಾಗಿ ಅಪ್ಪ ಅಮ್ಮ ಕೂತು “ಏಳು ಸುತ್ತುಗಳಿಂದ ಕೂಡಿದ ಐತಿಹಾಸಿಕ ಕೋಟೆಯು” ಅಂತ ಬರೆದುಕೊಡೋ ಅಗತ್ಯವೇ ಇಲ್ಲ. ಮಗುವಿನ ಆ ಚಿಕ್ಕ ಕನ್ನಡವೇ ಅಲ್ಲಿಯ ಓದುಗನಿಗೆ ಸರಿಯಾದ ಅಳತೆ. ನಾಲ್ಕು ಐದನೇ ತರಗತಿಗಾದರೆ ಪುಟಕ್ಕೆ ಎರಡು ಮೂರು ವಾಕ್ಯ ಇರಲಿ, ಅದಕ್ಕಿಂತ ಹೆಚ್ಚು ಬೇಡ.

ವಸ್ತು ಆರಿಸುವಾಗ ಊರಿನ ಮಗು ತಪ್ಪು ಹಿಡಿಯುತ್ತೆ ಅನ್ನೋದು ನೆನಪಿರಲಿ. ಚಳ್ಳಕೆರೆ ಕಡೆಯ ಶೇಂಗಾ ಹೊಲ ಬರೆದರೆ ಕಾಯಿ ಮಣ್ಣಿನ ಒಳಗೆ ಬೇರಿನ ಹತ್ತಿರ ಇರಬೇಕು. ಇಲ್ಲಿಯ ಮಕ್ಕಳು ಗಿಡದ ಕೊಂಬೆಗೆ ಜೋತು ಹಾಕಿಬಿಡ್ತಾರೆ. ಜಗಳೂರಿನ ರಂಗಯ್ಯನದುರ್ಗ ಕಾಡಿನ ಕೊಂಡುಕುರಿ ಅನ್ನೋ ಚಿಕ್ಕ ಹುಲ್ಲೆಗೆ ಜಿಂಕೆಯ ಕವಲುಕೊಂಬು ಬರೀಬಾರದು. ಗಂಡಿಗೆ ನಾಲ್ಕು ನೇರ ಕೊಂಬು, ಮುಂದಿನ ಎರಡು ಗಿಡ್ಡ. ಹೆಣ್ಣಿಗೆ ಕೊಂಬೇ ಇಲ್ಲ. ದಾವಣಗೆರೆಯ ಮಂಡಕ್ಕಿ ಭಟ್ಟಿ ಚಿತ್ರಪುಸ್ತಕಕ್ಕೆ ಹೇಳಿ ಮಾಡಿಸಿದ ವಸ್ತು: ಭತ್ತ ನೆನೆಸೋದು, ಬೇಯಿಸೋದು, ಒಣಗಿಸೋದು, ಅಕ್ಕಿ ಮಾಡಿಸೋದು, ಕಾದ ಮರಳಲ್ಲಿ ಹುರಿದಾಗ ಅರಳೋದು, ಕೊನೆಗೆ ಮಿರ್ಚಿ ಜೊತೆ ತಟ್ಟೆಗೆ ಬರೋದು. ಒಂದೊಂದು ಹಂತಕ್ಕೆ ಒಂದೊಂದು ಪುಟ.

ಈಗ ಹಾಳೆ. ಒಂದೇ ಎ4 ಹಾಳೆಯಲ್ಲಿ 8 ಪುಟದ ಕಿರುಪುಸ್ತಕ ಆಗುತ್ತೆ. ಹಾಳೆ ಅಡ್ಡ ಇಟ್ಟು ಎಂಟು ಮನೆ ಬರೋ ಹಾಗೆ ಮಡಚಿ. ಕೆಳಸಾಲಿಗೆ ಎಡದಿಂದ 6, 7, 8, 1. ಮೇಲುಸಾಲಿಗೆ ಎಡದಿಂದ 5, 4, 3, 2, ನಾಲ್ಕೂ ತಲೆಕೆಳಗಾಗಿ. ನಡುವಿನ ಅಡ್ಡ ಮಡಿಕೆಯಲ್ಲಿ ಮಧ್ಯದ ಎರಡು ಮನೆಯಷ್ಟು ಉದ್ದ ಮಾತ್ರ ಕತ್ತರಿಸಿ, ಉದ್ದಕ್ಕೆ ಮಡಚಿ ಎರಡೂ ತುದಿಯಿಂದ ಒಳಗೆ ತಳ್ಳಿದರೆ ಪುಸ್ತಕ. ಪಿನ್ನೂ ಬೇಡ, ಅಂಟೂ ಬೇಡ, ಒಂದೇ ಬದಿ ಜೆರಾಕ್ಸ್ ಸಾಕು. ಮಕ್ಕಳು ಮನೆಗೆ ಒಯ್ಯೋದಕ್ಕೆ ಇದೇ ಒಳ್ಳೇದು.

ತರಗತಿಯಲ್ಲಿ ಉಳಿಯೋ ಪ್ರತಿಗೆ 16 ಪುಟ ಮಾಡಿ, ಅಂದರೆ ನಾಲ್ಕು ಎ4 ಹಾಳೆ ಮಧ್ಯೆ ಮಡಚಿ ಸೆಂಟರ್ ಪಿನ್. ಪುಟ ಯಾವಾಗಲೂ ನಾಲ್ಕರ ಗುಣಕದಲ್ಲೇ ಇರಬೇಕು, ಇಲ್ಲದಿದ್ದರೆ ಖಾಲಿ ಪುಟ ಉಳಿಯುತ್ತೆ. ಹೊರ ಹಾಳೆಯ ಒಂದು ಬದಿಗೆ 16 ಮತ್ತು 1, ಇನ್ನೊಂದು ಬದಿಗೆ 2 ಮತ್ತು 15. ಯಾವ ಹಾಳೆಯ ಯಾವ ಬದಿಯಲ್ಲೂ ಎರಡಂಕೆ ಕೂಡಿದರೆ 17 ಬರಬೇಕು. ಬರದಿದ್ದರೆ ಪುಟ ಅದಲುಬದಲಾಗಿದೆ. ಎರಡೂ ಬದಿ ಪ್ರಿಂಟ್ ಕೊಡುವಾಗ ಗಿಡ್ಡ ಅಂಚಿಗೆ ತಿರುಗಿಸುವ ಆಯ್ಕೆ ಹಾಕಿ, ಉದ್ದ ಅಂಚಿಗೆ ಹಾಕಿದರೆ ಹಿಂಬದಿಯೆಲ್ಲ ತಲೆಕೆಳಗಾಗುತ್ತೆ. ಒಳಪುಟಕ್ಕೆ 120 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ತೂಗೋ) ಮ್ಯಾಪ್‌ಲಿಥೋ, ಅಂದರೆ ಹೊಳಪಿಲ್ಲದ ಸಾದಾ ಕಾಗದ; ಮುಖಪುಟವಾಗೋ ಹೊರ ಹಾಳೆಗೆ 250 ಜಿಎಸ್‌ಎಂ ಕಾರ್ಡ್, ಮ್ಯಾಟ್ ಲ್ಯಾಮಿನೇಷನ್. ಮಿರಮಿರ ಹೊಳೆಯೋ ಆರ್ಟ್ ಪೇಪರ್ ಕಿಟಕಿ ಬೆಳಕಿಗೆ ಕಣ್ಣು ಕುಕ್ಕುತ್ತೆ, ಮಕ್ಕಳು ಅದರ ಮೇಲೆ ಬಣ್ಣ ಹಚ್ಚಿದರೂ ಹಿಡಿಯಲ್ಲ.

ಚಿತ್ರವನ್ನು 300 ಡಿಪಿಐಗೆ (ಇಂಚಿಗೆ 300 ಚುಕ್ಕಿ) ಸ್ಕ್ಯಾನ್ ಮಾಡಿಸಿ. ಫೋನಲ್ಲಿ ಫೋಟೋ ತೆಗೆದರೆ ಮೂಲೆಗೆ ನೆರಳು ಬಿದ್ದು, ಪ್ರಿಂಟಲ್ಲಿ ಬೂದು ಕಲೆ ಆಗಿ ಕಾಣುತ್ತೆ. ಬಣ್ಣ ಅಂಚಿನವರೆಗೆ ಹೋಗೋದಾದರೆ ಸುತ್ತ 3 ಮಿಮೀ ಹೆಚ್ಚುವರಿ ಬಿಡಿ, ಕಟಿಂಗಲ್ಲಿ ಹೋಗುತ್ತೆ. ಮುಖ, ಅಕ್ಷರ ಮಡಿಕೆಯಿಂದ 10 ಮಿಮೀ ದೂರ ಇರಲಿ. ತೆಳು ಪೆನ್ಸಿಲ್ ಬಣ್ಣ ಮಾಸುತ್ತೆ. ಗೆರೆ ಮೇಲೆ ಕಪ್ಪು ಸ್ಕೆಚ್ ಪೆನ್ ಎಳೆಸಿ.

ಹೆಚ್ಚು ಪುಸ್ತಕ ಕೆಡೋದು ಅಕ್ಷರದಲ್ಲಿ. ನುಡಿ ಅಥವಾ ಬರಹ ತಂತ್ರಾಂಶದ ಹಳೆ ಆಸ್ಕಿ ಫಾಂಟಲ್ಲಿ ಟೈಪ್ ಮಾಡಿದ್ದು, ಆ ಫಾಂಟ್ ಇಲ್ಲದ ಪ್ರೆಸ್ ಕಂಪ್ಯೂಟರಲ್ಲಿ ಇಂಗ್ಲಿಷ್ ಅಕ್ಷರದ ರಾಶಿ ಆಗುತ್ತೆ. ಯೂನಿಕೋಡಲ್ಲೇ ಟೈಪ್ ಮಾಡಿ. ನೋಟೋ ಸಾನ್ಸ್ ಕನ್ನಡ, ಬಾಲೂ ತಮ್ಮ ಫಾಂಟ್ ಎರಡೂ ಉಚಿತ. ಇನ್‌ಡಿಸೈನ್‌ ಅನ್ನೋ ಪುಟವಿನ್ಯಾಸದ ತಂತ್ರಾಂಶ ಬಳಸುವವರು ಅದರಲ್ಲಿ ವರ್ಲ್ಡ್ ರೆಡಿ ಕಂಪೋಸರ್ ಆಯ್ಕೆ ಆನ್ ಮಾಡದಿದ್ದರೆ ಒತ್ತಕ್ಷರ ಒಡೆದು ಪಕ್ಕಕ್ಕೆ ಬೀಳುತ್ತೆ. ಪಿಡಿಎಫ್ ಕಳಿಸೋ ಮುಂಚೆ “ಸೂರ್ಯ, ಅಜ್ಜಿ, ಕೃಷ್ಣ, ಸ್ತ್ರೀ” ಅಂತ ಒಂದು ಸಾಲು ಹಾಕಿ ನೋಡಿ. ನಾಲ್ಕೂ ಸರಿ ಇದ್ದರೆ ಉಳಿದದ್ದೂ ಸಾಮಾನ್ಯವಾಗಿ ಸರಿ ಇರುತ್ತೆ. ಅಕ್ಷರ 26 ಪಾಯಿಂಟ್ ಆಸುಪಾಸು, ಸಾಲಿನ ಅಂತರ ಒಂದೂವರೆಗಿಂತ ಹೆಚ್ಚು; ಇಕ್ಕಟ್ಟಾದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತೆ. ದಪ್ಪಕ್ಷರ ಬೇಡವೇ ಬೇಡ. ದ–ಧ, ಬ–ಭ, ಡ–ಢಗಳ ವ್ಯತ್ಯಾಸ ಕೆಳಗಿನ ಒಂದು ಚಿಕ್ಕ ಸೀಳು. ಜೆರಾಕ್ಸಲ್ಲಿ ಅದು ಮುಚ್ಚಿಹೋದರೆ ಆಗಷ್ಟೇ ಕಲಿಯೋ ಮಗುವಿಗೆ ಎರಡೂ ಒಂದೇ.

ಪ್ರಿಂಟ್ ಅಲ್ಲೇ ಹಾಕಿಸಿ. ಮೇಲೆ ಹೇಳಿದ ಅಳತೆಯ ಒಂದು ಪ್ರತಿ ಸುಮಾರು 38 ಗ್ರಾಂ, 200 ಪ್ರತಿಗೆ ಏಳೂವರೆ ಕಿಲೋ. ಇಲ್ಲಿಂದ ಕಳಿಸೋದಕ್ಕೆ ಅರ್ಥವೇ ಇಲ್ಲ. ಪಿಡಿಎಫ್ ಕಳಿಸಿ, ಒಂದು ಪ್ರೂಫ್ ಪ್ರತಿ ತೆಗೆಸಿ, ಶಾಲೆಯ ಟೀಚರ್ ಕೈಗೆ ಕೊಟ್ಟು ಮಕ್ಕಳು ಎಲ್ಲಿ ತಡವರಿಸ್ತಾರೆ ಕೇಳಿ, ತಿದ್ದಿದ ಮೇಲೆ ಉಳಿದದ್ದು.

ಪ್ರಶ್ನೆ: ಶಾಲೆಗೆ ಕೊಡೋ ಕ್ರಮ ಹೇಗೆ? ದುಡ್ಡನ್ನು ಅಲ್ಲಿಯ ಯಾವುದಾದರೂ ಟ್ರಸ್ಟ್‌ಗೆ ಹಾಕಬಹುದಾ?

ಇನ್ನೊಬ್ಬರ ಉತ್ತರ: ದುಡ್ಡಿನ ವಿಷಯದಲ್ಲಿ ಹುಷಾರು ಸರ್. ಭಾರತದ ಪಾಸ್‌ಪೋರ್ಟ್ ಇರೋರು ತಮ್ಮ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಟ್ಟರೆ ಅದು ವಿದೇಶಿ ದೇಣಿಗೆ ಅಲ್ಲ. ಓಸಿಐ ಕಾರ್ಡಿನವರು (ಬೇರೆ ದೇಶದ ಪೌರತ್ವ ಇರೋ ಭಾರತೀಯ ಮೂಲದವರು) ಕೊಟ್ಟರೆ ವಿದೇಶಿ ದೇಣಿಗೆಯೇ. ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ಕಾಯ್ದೆಯ ನೋಂದಣಿ ಅಥವಾ ಮುಂಗಡ ಅನುಮತಿ ಇಲ್ಲದ ಟ್ರಸ್ಟ್ ಅದನ್ನು ತಗೊಳ್ಳೋ ಹಾಗಿಲ್ಲ, ತಗೊಂಡರೆ ತೊಂದರೆ ಅವರಿಗೆ. ನಮ್ಮ ಗುಂಪಲ್ಲಿ ಎರಡೂ ಥರದವರು ಇದ್ದೀವಿ, ಆದ್ದರಿಂದ ಎಲ್ಲರ ದುಡ್ಡನ್ನೂ ಒಂದೇ ಕಡೆ ಸೇರಿಸಬೇಡಿ.

ಶಾಲೆಗೆ ಹೋಗೋ ಮುಂಚೆ ಮುಖ್ಯಶಿಕ್ಷಕರಿಗೂ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಅಧ್ಯಕ್ಷರಿಗೂ ಹೇಳಿ. ಹಲವು ಶಾಲೆಗೆ ಹಂಚೋದಾದರೆ ಸಿಆರ್‌ಪಿಯನ್ನು (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಹಿಡಿಯಿರಿ, ಅವರಿಗೆ ಕ್ಲಸ್ಟರಿನ, ಅಂದರೆ ಆ ಸುತ್ತಿನ ಎಲ್ಲ ಶಾಲೆಯ ಪರಿಚಯ ಇರುತ್ತೆ. ಜೂನ್ ಕೊನೆ ಅಥವಾ ಜುಲೈ ಒಳ್ಳೇ ಸಮಯ, ಫೆಬ್ರವರಿ–ಮಾರ್ಚ್ ಬೇಡ.

ಎಲ್ಲ ಪ್ರತಿಯನ್ನೂ ಸ್ಟಾಕ್ ರಿಜಿಸ್ಟರಿಗೆ ಹತ್ತಿಸಿದರೆ ಪುಸ್ತಕ ಬೀರು ಸೇರುತ್ತೆ. ಹರಿದರೆ ಲೆಕ್ಕ ಕೊಡಬೇಕಲ್ಲ ಅನ್ನೋ ಭಯ ಟೀಚರಿಗೆ. ಅದಕ್ಕೇ ಎರಡು ಪ್ರತಿ ರಿಜಿಸ್ಟರಿಗೆ ಕೊಟ್ಟು, ಉಳಿದದ್ದು “ಬಳಸಿ ಹರಿಯಲಿಕ್ಕೇ ಕೊಟ್ಟದ್ದು” ಅಂತ ಮುಖಪುಟದ ಒಳಗೇ ಅಚ್ಚು ಹಾಕಿಸಿ. ನಲಿಕಲಿ ಕೋಣೆಯಲ್ಲಿ ಮೇಲೆ ಕಟ್ಟಿದ ಚಪ್ಪರದ ದಾರ ಇರುತ್ತೆ, ಗೋಡೆ ಪಕ್ಕ ಮಕ್ಕಳ ಕೈಗೆ ಎಟಕೋ ಎತ್ತರಕ್ಕೆ ಇನ್ನೊಂದು ದಾರ ಕಟ್ಟಿಸಿ ಪುಸ್ತಕ ಜೋತುಬಿಡಲಿ. 24 ಮಕ್ಕಳಿಗೆ 12 ಪ್ರತಿ ಸಾಕು. ಇಬ್ಬರು ಸೇರಿ ಓದುವಾಗ ಒಬ್ಬರಿಗೆ ಗೊತ್ತಿಲ್ಲದ ಅಕ್ಷರ ಇನ್ನೊಬ್ಬರು ಹೇಳ್ತಾರೆ.

ಮಕ್ಕಳು ಪುಸ್ತಕ ಹಿಡಿದ ಫೋಟೋ ದಯವಿಟ್ಟು ಇಲ್ಲಿ ಹಾಕಬೇಡಿ. ಅದರ ಬದಲು ಖಾಲಿ ಎಂಟು ಮನೆಯ ಹಾಳೆಗಳನ್ನೂ ಪುಸ್ತಕದ ಕಟ್ಟಿನ ಜೊತೆ ಇಟ್ಟು ಕಳಿಸಿ. ಅಲ್ಲಿಯ ಮಕ್ಕಳು ಬರೆದದ್ದನ್ನು ಟೀಚರ್ ಸ್ಕ್ಯಾನ್ ಮಾಡಿ ಕಳಿಸಲಿ. ಮುಂದಿನ ತಿಂಗಳು ನಮ್ಮ ಮಕ್ಕಳ ತರಗತಿಗೆ ಅದೇ ಪಾಠ ಆಗುತ್ತೆ.