ಗುಡ್ಡದ ಓಟಕ್ಕೆ ಲೋರಾ ಟ್ರ್ಯಾಕರ್: ಅರ್ಧ ಪ್ಯಾಕೆಟ್ ಎಲ್ಲಿ ಹೋಗ್ತಿವೆ?

ಟ್ರೇಲ್‌ಮಂದಿ:
ಮುಳ್ಳಯ್ಯನಗಿರಿ ಸಾಲಿನಲ್ಲಿ 50 ಕಿ.ಮೀ. ಓಟ, 60 ಓಟಗಾರರು. ದಾರಿಯ ಬಹುಪಾಲು ನೆಟ್‌ವರ್ಕ್ ಸಿಗಲ್ಲ, ಅದಕ್ಕೇ ಓಟಗಾರರ ಸ್ಥಾನ ಕಳಿಸೋಕೆ ಲೋರಾ (ಚಿಕ್ಕ ಸಂದೇಶಗಳನ್ನ ದೂರ ಕಳಿಸೋ ಕಡಿಮೆ ಪವರ್‌ನ ರೇಡಿಯೋ). ತಲೆಗೆ 4,000 ರೂ. ಮೀರಬಾರದು ಅಂತ ಟಿ-ಬೀಮ್ ಬೋರ್ಡ್ (ಈಎಸ್‌ಪಿ32 ಪ್ರೊಸೆಸರ್, ಎಸ್‌ಎಕ್ಸ್1276 ಲೋರಾ ಚಿಪ್, ಜಿಪಿಎಸ್) ಮತ್ತು ಒಂದು 18650 ಲಿಥಿಯಂ ಸೆಲ್ ತಗೊಂಡಿದೀವಿ. ಎಸ್‌ಎಫ್10 (ಸ್ಪ್ರೆಡಿಂಗ್ ಫ್ಯಾಕ್ಟರ್: ಹೆಚ್ಚಿದಷ್ಟು ದೂರ ಹೋಗುತ್ತೆ, ಆದ್ರೆ ನಿಧಾನ), 125 ಕಿಲೋಹರ್ಟ್ಸ್ ಬ್ಯಾಂಡ್‌ವಿಡ್ತ್, 12 ಬೈಟ್‌ನ ಪ್ಯಾಕೆಟ್ (ಒಂದು ಸಂದೇಶ), ನಿಮಿಷಕ್ಕೊಮ್ಮೆ. ಐದು ಟ್ರ್ಯಾಕರ್ ಇದ್ದಾಗ ಎಲ್ಲಾ ಸರಿ. ಅರವತ್ತನ್ನೂ ಆನ್ ಮಾಡಿದ್ರೆ ಅರ್ಧದಷ್ಟು ಪ್ಯಾಕೆಟ್ ಕಾಣೆ. ಪವರ್ ಏರಿಸಬೇಕಾ?

ತಂತಿಯಿಲ್ಲದವ:
ಬೇಡ. ಒಂದೇ ಹೊತ್ತಿಗೆ ಹೊರಟ ಪ್ಯಾಕೆಟ್‌ಗಳು ಒಂದಕ್ಕೊಂದು ಡಿಕ್ಕಿ ಹೊಡೆದು ಹಾಳಾಗ್ತಿವೆ. ಎಲ್ಲರೂ ಏರಿಸಿದ್ರೆ ಡಿಕ್ಕಿ ಅಷ್ಟೇ ಇರುತ್ತೆ, ಬ್ಯಾಟರಿ ಮಾತ್ರ ಬೇಗ ಖಾಲಿ. ಎಸ್‌ಎಫ್10ರಲ್ಲಿ 12 ಬೈಟಿಗೆ ಸುಮಾರು 290 ಮಿಲಿಸೆಕೆಂಡ್ ಬೇಕು. ಅರವತ್ತಕ್ಕೆ ನಿಮಿಷದಲ್ಲಿ 17 ಸೆಕೆಂಡ್. ಮನಸ್ಸಿಗೆ ಬಂದಾಗ ಕಳಿಸಿದ್ರೆ ಲೆಕ್ಕದ ಪ್ರಕಾರ ನೂರರಲ್ಲಿ 44 ಡಿಕ್ಕಿ ಹೊಡೆಯುತ್ತವೆ.

ಜಿಪಿಎಸ್ ಇರೋದರಿಂದ ಎಲ್ಲರ ಗಡಿಯಾರವೂ ಒಂದೇ. ಬಿಬ್ (ಓಟಗಾರರ ಎದೆಯ ಚೀಟಿ) ನಂಬರ್ ಮೇಲೆ ಸರದಿ ಕೊಡಿ: 2 ನಿಮಿಷದ ಸುತ್ತು, ತಲಾ 2 ಸೆಕೆಂಡ್. ಬಿಬ್ 17 ಸುತ್ತಿನ 34ನೇ ಸೆಕೆಂಡಿಗೆ ಕಳಿಸಲಿ. ಜಿಪಿಎಸ್ ಕೊಡೋ ಸಮಯದ ಸಾಲು ಸೀರಿಯಲ್ ತಂತಿಯಲ್ಲಿ ಬೋರ್ಡ್‌ಗೆ ಕೆಲವು ನೂರು ಮಿಲಿಸೆಕೆಂಡ್ ತಡವಾಗಿ ಬರುತ್ತೆ, ಅದಕ್ಕೇ ಇಷ್ಟು ಅಗಲದ ಸರದಿ. ನಡುವೆ ಫಿಕ್ಸ್ (ಜಿಪಿಎಸ್‌ಗೆ ಉಪಗ್ರಹಗಳಿಂದ ಸ್ಥಾನ ಸಿಗೋದು) ತಪ್ಪಿದ್ರೆ ಕೊನೆಯ ಸಮಯದಿಂದ ಬೋರ್ಡೇ ಎಣಿಸಿಕೊಂಡು ಹೋಗಲಿ. ಮೊದಲ ಫಿಕ್ಸ್ ಸಿಗೋವರೆಗೆ ಮಾತ್ರ ಬಾಯಿ ಬಿಡಬಾರದು.

ಹಿಂದಿನ ಎರಡು ಸ್ಥಾನಗಳನ್ನೂ ಸೇರಿಸಿ 28 ಬೈಟ್ ಮಾಡಿ, 412 ಮಿಲಿಸೆಕೆಂಡಲ್ಲಿ ಮುಗಿಯುತ್ತೆ. ಕಣಿವೆಯಲ್ಲಿ ಎರಡು ಪ್ಯಾಕೆಟ್ ಹೋದ್ರೂ ಮೂರನೇದರಲ್ಲಿ ಜಾಡು ಸಿಗುತ್ತೆ.

ಆಂಟೆನಾ_ನೆಟ್ಟಗಿರಲಿ:
ಲೈಬ್ರರಿಯ ಉದಾಹರಣೆ ಕೋಡ್‌ನಲ್ಲಿ 915 ಮೆಗಾಹರ್ಟ್ಸ್ ಇದ್ರೆ ಬದಲಾಯಿಸಿ. ನಮ್ಮಲ್ಲಿ ಲೈಸೆನ್ಸ್ ಬೇಡದ್ದು 865–868 ಮೆಗಾಹರ್ಟ್ಸ್. 433ರ ಬೋರ್ಡ್, ಆಂಟೆನಾ ನೋಡೋಕೆ ಒಂದೇ ಥರ, ಆರ್ಡರ್ ಮಾಡೋವಾಗ ಹುಷಾರು. ಆಂಟೆನಾ ಹಾಕದೆ ಟ್ರಾನ್ಸ್‌ಮಿಟ್ ಮಾಡಿಸಿದ್ರೆ ಚಿಪ್ ಸುಡಬಹುದು.

ಟ್ರ್ಯಾಕರ್ ಸೊಂಟದ ಚೀಲಕ್ಕೂ ಬೇಡ, ನೀರಿನ ಬ್ಲಾಡರ್ ಪಕ್ಕಕ್ಕೂ ಬೇಡ: ಮೈ, ನೀರು ಎರಡೂ ಸಿಗ್ನಲ್ ನುಂಗುತ್ತವೆ. ಭುಜದ ಪಟ್ಟಿಯ ಮೇಲೆ, ಆಂಟೆನಾ ನೆಟ್ಟಗೆ, ಜಿಪಿಎಸ್‌ನ ಸೆರಾಮಿಕ್ ಚೌಕ ಆಕಾಶಕ್ಕೆ. ವೈಫೈ, ಬ್ಲೂಟೂತ್ ಆರಿಸಿ. ರಿಸೀವರ್ ದಾರಿ ಕಾಣೋ ಏಣಿನ ಮೇಲಿರಲಿ. ಕಣಿವೆಯಲ್ಲಿ ಎಷ್ಟು ಉದ್ದದ ಕಂಬ ನೆಟ್ಟರೂ ಗುಡ್ಡದ ಆಚೆಯದು ಕೇಳಿಸಲ್ಲ.

ಟ್ರೇಲ್‌ಮಂದಿ:
ಫಿನಿಶ್ ಗೇಟ್ ಹತ್ತಿರ ಇನ್ನೊಂದು ರಿಸೀವರ್ ಇಡೋಣ ಅಂತಿದ್ವಿ. ಅಲ್ಲಿ ಚಿಪ್ ಟೈಮಿಂಗ್ ಮ್ಯಾಟ್ (ಓಟಗಾರರ ಚಿಪ್ ಓದಿ ಸಮಯ ದಾಖಲಿಸೋ ಚಾಪೆ) ಕೂಡ ಇರುತ್ತೆ.

ತಂತಿಯಿಲ್ಲದವ:
ಯುಎಚ್‌ಎಫ್ (ಅತಿ ಹೆಚ್ಚಿನ ಆವರ್ತನದ) ಮ್ಯಾಟ್ ಆದ್ರೆ ಅದರ ರೀಡರ್ ಓಡೋದೂ ಇದೇ ಬ್ಯಾಂಡ್‌ನಲ್ಲಿ, ಅದೂ ವ್ಯಾಟ್ ಲೆಕ್ಕದಲ್ಲಿ. ಪಕ್ಕದಲ್ಲಿಟ್ಟರೆ ನಿಮ್ಮ ರಿಸೀವರ್ ಕಿವುಡಾಗುತ್ತೆ. ನೂರಿನ್ನೂರು ಮೀಟರ್ ದೂರ, ಸಾಧ್ಯವಾದ್ರೆ ಕಟ್ಟಡದ ಮರೆಗಿಡಿ. ರೀಡರ್ ಆನ್ ಇಟ್ಟೇ ಟೆಸ್ಟ್ ಮಾಡಿ.