ಜರ್ಮನಿಯಲ್ಲಿ ಓದೋಕೆ ಭಟ್ಟಿ ಜಾಗ ಅಡ ಇಡಲೇಬೇಕಾ?

ಮಂಡಕ್ಕಿ ಭಟ್ಟಿ ಹುಡುಗಿ, ದಾವಣಗೆರೆ:
ನಾನು ಬಿ.ಇ. ಮೆಕ್ಯಾನಿಕಲ್ ಕೊನೆಯ ವರ್ಷದಲ್ಲಿದ್ದೇನೆ. ಸಿಜಿಪಿಎ 8.1. ಜರ್ಮನಿಯಲ್ಲಿ ಎಂ.ಎಸ್. ಮಾಡುವ ಆಸೆ. ಇಲ್ಲಿನ ಒಬ್ಬ ಕನ್ಸಲ್ಟೆಂಟ್ ಖಾಸಗಿ ಯೂನಿವರ್ಸಿಟಿಯೊಂದನ್ನು ತೋರಿಸಿ, ವರ್ಷಕ್ಕೆ 12 ಲಕ್ಷ ಫೀಸು, ತಮಗೆ ಬೇರೆ 1 ಲಕ್ಷ ಎಂದರು. ಅಪ್ಪಾಜಿ ಏನೂ ಮಾತಾಡದೆ ಎದ್ದು ಬಂದರು. ರಾತ್ರಿ ಅಮ್ಮನ ಹತ್ತಿರ ಭಟ್ಟಿ ಜಾಗ ಅಡ ಇಡುವ ಮಾತಾಡುತ್ತಿದ್ದರು. ನನಗೆ ನಿದ್ದೆ ಬರಲಿಲ್ಲ. ಬೇರೆ ದಾರಿ ಇದೆಯಾ?

ದುರ್ಗದ ಅಕ್ಕ:
ತಂಗಿ, ಮೊದಲು ಆ ಅಡ ಇಡುವ ಮಾತು ನಿಲ್ಲಿಸು. ನಾನು ಚಿತ್ರದುರ್ಗದವಳು, ಈಗ ಜರ್ಮನಿಯ ಆಖೆನ್‌ನಲ್ಲಿ ಎರಡನೇ ವರ್ಷ. ಇಲ್ಲಿನ ಸರ್ಕಾರಿ ಯೂನಿವರ್ಸಿಟಿಗಳಲ್ಲಿ ಹೆಚ್ಚಿನ ಕಡೆ ಕೋರ್ಸಿನ ಫೀಸೇ ಇಲ್ಲ. ಸೆಮಿಸ್ಟರಿಗೆ ನಾನು ಕಟ್ಟುವುದು 300 ಯೂರೊ ಚಿಲ್ಲರೆ. ಬಸ್ಸು, ರೈಲಿನ ಪಾಸೂ ಅದರಲ್ಲೇ ಬಂತು. ಬಾಡೆನ್-ವುರ್ಟೆಂಬೆರ್ಗ್ ರಾಜ್ಯದಲ್ಲಿ ಮಾತ್ರ ನಮ್ಮಂಥವರಿಗೆ ಸೆಮಿಸ್ಟರಿಗೆ 1,500 ಯೂರೊ ಇದೆ. ಮ್ಯೂನಿಕ್‌ನ ತಾಂತ್ರಿಕ ಯೂನಿವರ್ಸಿಟಿ ಟಿಯುಎಂ ಕೂಡ 2024ರಿಂದ ಫೀಸು ಶುರು ಮಾಡಿದೆ. ಕೋರ್ಸನ್ನು ಡಿಎಎಡಿ (ಜರ್ಮನಿಯ ವಿದ್ಯಾರ್ಥಿ ವಿನಿಮಯ ಸಂಸ್ಥೆ) ವೆಬ್‌ಸೈಟಿನಲ್ಲಿ ನೀನೇ ಹುಡುಕು. ಇಂಗ್ಲಿಷಿನಲ್ಲಿ ಪಾಠ, ಫೀಸಿಲ್ಲ ಅಂತ ಆರಿಸಿದರೆ ಪಟ್ಟಿ ಬರುತ್ತದೆ. ಅದಕ್ಕೆ 1 ಲಕ್ಷ ಯಾಕೆ ಕೊಡಬೇಕು?

ನಿಜವಾಗಿ ದೊಡ್ಡ ಮೊತ್ತ ಅಂದರೆ ಬ್ಲಾಕ್ಡ್ ಅಕೌಂಟ್, ಅಂದರೆ ಒಂದು ವರ್ಷದ ಖರ್ಚಿನ ದುಡ್ಡನ್ನು ಮೊದಲೇ ಹಾಕಿಡುವ ಖಾತೆ. ವೀಸಾಗೆ 11,904 ಯೂರೊ ತೋರಿಸಬೇಕು, ನಮ್ಮ ದುಡ್ಡಿನಲ್ಲಿ 10 ಲಕ್ಷಕ್ಕೂ ಜಾಸ್ತಿ. ನಮ್ಮಪ್ಪನೂ ಕೇಳಿ ಗಾಬರಿಯಾಗಿದ್ದರು. ಆದರೆ ಅದನ್ನು ಯಾರೂ ಇಟ್ಟುಕೊಳ್ಳುವುದಿಲ್ಲ. ಇಲ್ಲಿಗೆ ಬಂದ ಮೇಲೆ ತಿಂಗಳಿಗೆ 992 ಯೂರೊದಂತೆ ನಿನ್ನ ಕೈಗೇ ಬರುತ್ತದೆ. ಬಾಡಿಗೆ, ಊಟ, ವಿಮೆ ಎಲ್ಲ ಅದರಲ್ಲೇ. ಸರ್ಕಾರಿ ಬ್ಯಾಂಕಿನ ಎಜುಕೇಶನ್ ಲೋನಿಗೆ 7.5 ಲಕ್ಷದವರೆಗೆ ಆಸ್ತಿ ಅಡ ಬೇಕಿಲ್ಲ. ನಾನು ಅಷ್ಟು ತೆಗೆದುಕೊಂಡೆ, ಉಳಿದದ್ದನ್ನು ಮನೆಯವರೆಲ್ಲ ಸೇರಿ ಹೊಂದಿಸಿದರು. ವರ್ಷಕ್ಕೆ 140 ಪೂರ್ತಿ ದಿನ ಕೆಲಸ ಮಾಡಬಹುದು, ಆದರೆ ಮೊದಲ ಆರು ತಿಂಗಳು ಅದನ್ನು ನಂಬಿಕೊಂಡು ಬರಬೇಡ. ನನಗೆ ಕೆಲಸ ಸಿಕ್ಕಿದ್ದೇ ಏಳನೇ ತಿಂಗಳಿಗೆ.

ಎಪಿಎಸ್ ಪ್ರಮಾಣಪತ್ರಕ್ಕೆ, ಅಂದರೆ ನಿನ್ನ ಅಂಕಪಟ್ಟಿಗಳು ಅಸಲಿ ಅಂತ ಜರ್ಮನಿ ಕಡೆಯವರು ಪರಿಶೀಲಿಸಿ ಕೊಡುವ ಪತ್ರಕ್ಕೆ, ಈಗಲೇ ತಯಾರಾಗು. 2022ರ ನವೆಂಬರ್‌ನಿಂದ ನಮ್ಮ ದೇಶದವರಿಗೆ ಅದು ಬೇಕೇ ಬೇಕು. ಫೀಸು 18,000 ರೂಪಾಯಿ.

ಹರಿಹರದ ಮೇಷ್ಟ್ರು:
ಯುರೋಪಿಯನ್ ಒಕ್ಕೂಟದ ಎರಾಸ್ಮಸ್ ಮುಂಡಸ್ ಯೋಜನೆಗೂ ಅರ್ಜಿ ಹಾಕಮ್ಮ. ಒಂದೇ ಎಂ.ಎಸ್., ಕನಿಷ್ಠ ಎರಡು ದೇಶಗಳಲ್ಲಿ ಓದು. ಸ್ಕಾಲರ್‌ಶಿಪ್ ಸಿಕ್ಕರೆ ತಿಂಗಳಿಗೆ 1,400 ಯೂರೊ, ಫೀಸೂ ಇಲ್ಲ. ಪೈಪೋಟಿ ಜೋರಿದೆ, ಆದರೂ ಬಿಡಬೇಡ. ಶಿಫಾರಸು ಪತ್ರಕ್ಕೆ ನಿನ್ನ ಪ್ರಾಜೆಕ್ಟ್ ನೋಡಿದ ಮೇಷ್ಟ್ರನ್ನೇ ಕೇಳು. ಪ್ರಿನ್ಸಿಪಾಲರ ಸಹಿಗಿಂತ ಅದಕ್ಕೆ ತೂಕ ಜಾಸ್ತಿ.

ಮಂಡಕ್ಕಿ ಭಟ್ಟಿ ಹುಡುಗಿ:
ಅಕ್ಕ, ಸರ್, ಕಣ್ಣಲ್ಲಿ ನೀರು ಬಂತು. ಅಪ್ಪಾಜಿಗೆ ನಿಮ್ಮ ಮಾತನ್ನು ಓದಿ ಹೇಳಿದೆ. 992ರ ಲೆಕ್ಕವನ್ನು ಎರಡು ಸಲ ಕೇಳಿದರು. ಸೋಮವಾರ ಇಬ್ಬರೂ ಬ್ಯಾಂಕಿಗೆ ಹೋಗುತ್ತಿದ್ದೇವೆ. ಅಕ್ಕ, ಎಪಿಎಸ್‌ಗೆ ಏಳನೇ ಸೆಮಿಸ್ಟರ್‌ವರೆಗಿನ ಅಂಕಪಟ್ಟಿ ಸಾಕಾ?